ಲೋಹಗಡದಲ್ಲಿ ನೀರೆಲ್ಲಿತ್ತು?

ದೀಪಾವಳಿ ಮುಗಿಸಿಕೊಂಡು ಅಕ್ಕನ ಮಗಳು ಚಿತ್ರದುರ್ಗದಿಂದ ಬಂದಿದ್ದಳು. ಬೆಳಿಗ್ಗೆ ಚಿಂಚವಾಡದಲ್ಲಿ ಲೋಣಾವಳ ಲೋಕಲ್ ಹತ್ತಿ, ಮಳವಲಿಯಲ್ಲಿ ಇಳಿದು, ಭಾಜೆ ಊರಿನ ಮೇಲಿಂದ ಪುಣೆ ಹತ್ತಿರದ ಬೆಟ್ಟದ ಕೋಟೆ ಲೋಹಗಡಕ್ಕೆ ನಡೆದೆವು. ಮೂರನೇ ಬಾಗಿಲಿನ ಹತ್ತಿರ ಬರುವಷ್ಟರಲ್ಲಿ ಅವಳ ಬಾಟಲಿ ಖಾಲಿಯಾಗಿತ್ತು. "ಮಾಮಾ, ಇಷ್ಟು ಎತ್ತರಕ್ಕೆ ನೀರು ಯಾರು ಹೊತ್ತು ತರ್ತಿದ್ರು?" ಅಂತ ಕೇಳಿದಳು.

ದುರ್ಗದ ಹುಡುಗಿ ಕೇಳಲೇಬೇಕಾದ ಪ್ರಶ್ನೆ. ಅವಳಿಗೆ ಕೋಟೆ ಅಂದ್ರೆ ಹೊಂಡ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಗಿನ ಹೊಂಡಗಳಿಗೆ. ಓಬವ್ವ ಕಿಂಡಿಯಲ್ಲಿ ಶತ್ರುಗಳನ್ನು ಕಂಡಿದ್ದೂ ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋದಾಗಲೇ ಅಲ್ವಾ?

ಲೋಹಗಡ ಸಮುದ್ರಮಟ್ಟದಿಂದ 1033 ಮೀಟರ್ ಎತ್ತರದಲ್ಲಿದೆ. ಒಂದು ಕಡೆ ಇಂದ್ರಾಯಣಿ ಕಣಿವೆ, ಇನ್ನೊಂದು ಕಡೆ ಪವನಾ ಕಣಿವೆ. ಎರಡು ನದಿಗಳೂ ಕೆಳಗೆ ಕಾಣುತ್ತವೆ. ಆದರೆ ಮುತ್ತಿಗೆ ಬಿದ್ದಾಗ ಕೆಳಗಿಳಿದು ಕೊಡ ತುಂಬಿಸಲು ಆಗುತ್ತದಾ? ಮದ್ದುಗುಂಡು ಮುಗಿದರೆ ಮೇಲಿಂದ ಕಲ್ಲು ಉರುಳಿಸಬಹುದು. ಅಕ್ಕಿ ಕಡಿಮೆಯಾದರೆ ಗಂಜಿ ಕುಡಿಯಬಹುದು. ನೀರು ಮುಗಿದರೆ ನಾಲ್ಕನೇ ದಿನ ಬಾಗಿಲು ತೆಗೆಯಲೇಬೇಕು. ಸಹ್ಯಾದ್ರಿಯ ಕೋಟೆ ನೋಡಲು ಹೋದವರು ಮೊದಲು ಬುರುಜು ನೋಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಟಾಕೆ ನೋಡಬೇಕು. ಬಂಡೆಯನ್ನು ಕಡಿದು ಮಾಡಿದ ನೀರಿನ ತೊಟ್ಟಿಗೆ ಇಲ್ಲಿಯವರು ಹೇಳುವ ಹೆಸರು ಅದು.

ಕೊನೆಯ ಬಾಗಿಲು ಮಹಾದರ್ವಾಜಾ ದಾಟಿ ಮೇಲೆ ಬಂದ ಮೇಲೆ ಒಂದು ಟಾಕೆಯ ಅಂಚಿನಲ್ಲಿ ಅವಳನ್ನು ಕೂರಿಸಿದೆ. "ಗೋಡೆ ಮುಟ್ಟಿ ನೋಡು" ಅಂದೆ. ಉಳಿಯ ಗೆರೆಗಳು ಓರೆಯಾಗಿ, ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ ಸಾಲಾಗಿ ಇಳಿದಿವೆ. ಒಂದು ಗೆರೆಯಲ್ಲಿ ಅವಳ ಕಿರುಬೆರಳು ಸರಿಯಾಗಿ ಕೂತಿತು. ಗೆರೆಗಳ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆಗಳು, ಥೇಟ್ ನೆನೆಸಿದ ಸಾಬೂದಾಣಿ. ಅವಳ ಪ್ರಶ್ನೆಗೆ ಉತ್ತರ ಇದ್ದದ್ದು ಆ ಚುಕ್ಕೆಗಳಲ್ಲೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಒಂದು ಪದರ ಆರಿದ ಮೇಲೆ ಇನ್ನೊಂದು, ದೋಸೆಯ ಮೇಲೆ ದೋಸೆ ಹಾಕಿದ ಹಾಗೆ. ಪ್ರತಿ ಪದರದಲ್ಲೂ ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಮೇಲಕ್ಕೆ ಬಂತು, ದೋಸೆಯ ಮೇಲೆ ತೂತು ಬೀಳುತ್ತಲ್ಲ, ಹಾಗೆಯೇ. ಆಮೇಲೆ ಬಂಡೆಯೊಳಗೆ ಹರಿದಾಡಿದ ಬಿಸಿನೀರು ಆ ತೂತುಗಳಲ್ಲಿ ಜಿಯೋಲೈಟ್‌ನಂಥ ಖನಿಜಗಳನ್ನು ತುಂಬಿತು. ನಮ್ಮ ಸಾಬೂದಾಣಿ ಇದೇ.

ಪದರದ ನಡುಭಾಗದ ಕಲ್ಲು ಬೇರೆ ಥರ. ಅದು ಗಟ್ಟಿ, ಕಪ್ಪು, ಆದರೆ ಆರುವಾಗ ಕುಗ್ಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿ ತೊಟ್ಟಿ ಕಡಿದರೆ ನೀರು ಬಿರುಕಿನಲ್ಲಿ ಸೋರಿ ಹೋಗುತ್ತದೆ. ಚುಕ್ಕೆ ಕಲ್ಲಿನಲ್ಲಿ ಬಿರುಕು ಕಡಿಮೆ. ಉಳಿಗೂ ಅದು ಸ್ವಲ್ಪ ಮೆತ್ತಗೆ. ಕಡಿಯುವುದೂ ಸುಲಭ, ನೀರೂ ನಿಲ್ಲುತ್ತದೆ. ಭೂವಿಜ್ಞಾನದ ಪುಸ್ತಕ ಇಲ್ಲದ ಕಾಲದಲ್ಲಿ ಕಲ್ಲುಕುಟಿಗರು ಉಳಿಯ ಸದ್ದು ಕೇಳಿ, ಕೈಯಲ್ಲಿ ಮುಟ್ಟಿ ಪದರ ಆರಿಸುತ್ತಿದ್ದರು ಅಂತ ನಾನು ನಂಬಿದ್ದೇನೆ. ಅವರ ಹೆಸರು ಯಾವ ಬಾಗಿಲ ಮೇಲೂ ಇಲ್ಲ. ಅದು ನನಗೆ ಪ್ರತಿ ಸಲವೂ ಬೇಸರ ತರುತ್ತದೆ.

ಬೆಟ್ಟದ ಆಕಾರಕ್ಕೂ ಇದೇ ಕಾರಣ. ಗಟ್ಟಿ ಪದರ ನೆಟ್ಟಗೆ ಗೋಡೆಯಂತೆ ನಿಲ್ಲುತ್ತದೆ, ಮೆತ್ತನೆಯದು ಸವೆದು ಇಳಿಜಾರಾಗುತ್ತದೆ. ದೂರದಿಂದ ನೋಡಿದರೆ ಮೆಟ್ಟಿಲು. ಈ ಲಾವಾ ಪದರಗಳಿಗಿರುವ ದಖನ್ ಟ್ರ್ಯಾಪ್ ಎಂಬ ಹೆಸರಿನಲ್ಲಿರುವ 'ಟ್ರ್ಯಾಪ್' ಕೂಡ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ದುರ್ಗದಲ್ಲಿ ದುಂಡು ಬಂಡೆಗಳ ನಡುವೆ ಸಂದು ಹುಡುಕಿ ಏಳು ಸುತ್ತು ಗೋಡೆ ಕಟ್ಟಬೇಕಾಯಿತು. ಇಲ್ಲಿ ಅರ್ಧ ಗೋಡೆಯನ್ನು ಲಾವಾನೇ ಕಟ್ಟಿಕೊಟ್ಟಿತ್ತು. ಹತ್ತಲು ಆಗುವ ಒಂದು ಕಡೆ ಮಾತ್ರ ಭದ್ರ ಮಾಡಿದರೆ ಸಾಕಿತ್ತು.

ಆ ಕಡೆಯಲ್ಲಿ ಗಣೇಶ, ನಾರಾಯಣ, ಹನುಮಾನ, ಮಹಾದರ್ವಾಜಾ ಎಂದು ನಾಲ್ಕು ಬಾಗಿಲುಗಳಿವೆ. ದಾರಿ ಹಾವಿನಂತೆ ತಿರುಗುತ್ತದೆ. ಒಂದು ಬಾಗಿಲಲ್ಲಿ ನಿಂತರೆ ಮುಂದಿನದು ಕಾಣುವುದಿಲ್ಲ. ಆದರೆ ಮೇಲಿನ ಬುರುಜಿನಲ್ಲಿ ನಿಂತವನಿಗೆ ಕೆಳಗಿನ ಪ್ರತಿ ತಿರುವೂ ಕಾಣುತ್ತದೆ. ಆನೆಯಿಂದ ಬಾಗಿಲು ಗುದ್ದಿಸಲು ಅದಕ್ಕೆ ಓಡಿ ಬರುವಷ್ಟು ಜಾಗ ಬೇಕು. ಇಲ್ಲಿ ಎಲ್ಲೂ ಆ ಜಾಗ ಬಿಟ್ಟಿಲ್ಲ.

ಈಗ ಒಂದು ಲೆಕ್ಕ. ಲೋಣಾವಳದ ಕಡೆ ವರ್ಷಕ್ಕೆ 4000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಬರೀ ಬಂಡೆಯ ಮೇಲೆ ವರ್ಷಕ್ಕೆ 4 ಲಕ್ಷ ಲೀಟರ್. ಉಳಿದ ಎಂಟು ತಿಂಗಳು ಆಕಾಶ ಒಣ. ಕುಡಿಯಲು, ಬೇಯಿಸಲು ಒಬ್ಬನಿಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. 200 ಜನಕ್ಕೆ 240 ದಿನಕ್ಕೆ 2.4 ಲಕ್ಷ ಲೀಟರ್ ಬೇಕು. 10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಆಳದ ಒಂದೇ ಟಾಕೆ ಅಷ್ಟನ್ನೂ ಹಿಡಿಯುತ್ತದೆ.

ಅಂಥ ಟಾಕೆ ಕಡಿದರೆ 240 ಘನ ಮೀಟರ್ ಕಲ್ಲು ಹೊರಗೆ ಬರುತ್ತದೆ. ಅದರಲ್ಲಿ ಒಂದು ಮೀಟರ್ ದಪ್ಪ, ನಾಲ್ಕು ಮೀಟರ್ ಎತ್ತರದ ಗೋಡೆಯನ್ನು 60 ಮೀಟರ್ ಉದ್ದ ಕಟ್ಟಬಹುದು. ಹೀಗೆ ತೊಟ್ಟಿಯೇ ಕಲ್ಲಿನ ಗಣಿಯೂ ಆಗುತ್ತಿತ್ತು. ಇದನ್ನು ಹೇಳಿದಾಗ ಅವಳು ಟಾಕೆಯನ್ನೂ ಪಕ್ಕದ ಗೋಡೆಯನ್ನೂ ಮತ್ತೆ ಮತ್ತೆ ನೋಡಿದಳು. "ಹಂಗಾದ್ರೆ ಈ ಗೋಡೆ ಅದರೊಳಗಿಂದ ಬಂದಿರಬಹುದಾ ಮಾಮಾ?" ಅಂದಳು.

ಇತಿಹಾಸ ಉದ್ದ ಇದೆ, ಸುಮ್ನೆ ಮುಖ್ಯವಾದದ್ದಷ್ಟೇ ಹೇಳುತ್ತೇನೆ. 1489ರ ಹೊತ್ತಿಗೆ ಇದು ಅಹಮದ್‌ನಗರದ ನಿಜಾಮಶಾಹಿಯ ಮೊದಲ ದೊರೆ ಮಲಿಕ್ ಅಹ್ಮದನ ಕೈಗೆ ಬಂತು. 1648ರಲ್ಲಿ ಶಿವಾಜಿ ಗೆದ್ದರು. 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಇದೂ ಒಂದು. 1670ರಲ್ಲಿ ಮತ್ತೆ ಮರಾಠರದ್ದಾಯಿತು. ಪೇಶ್ವೆ ಕಾಲದಲ್ಲಿ ಮಂತ್ರಿ ನಾನಾ ಫಡ್ನವೀಸ್ ಇಲ್ಲಿ ತುಂಬ ಕಟ್ಟಡ ಕೆಲಸ ಮಾಡಿಸಿದರು. ಹದಿನಾರು ಮೂಲೆಯ ಚೆಂದದ ಕೊಳ ಆ ಕಾಲದ್ದು. ಕಳೆದ ವರ್ಷಗಳಲ್ಲಿ ಕೋಟೆಗೆ ದೊಡ್ಡ ಗೌರವವೂ ಸಿಕ್ಕಿದೆ. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಲೋಹಗಡವೂ ಇದೆ.

ಇಷ್ಟು ನೀರಿದ್ದ ಕೋಟೆ ಬಿದ್ದದ್ದು ಬಾಯಾರಿಕೆಯಿಂದ ಅಲ್ಲ. ಕಣಿವೆಯ ಆಚೆ ಎದುರಿಗೇ ನಿಂತಿರುವ ವಿಸಾಪುರ ಕೋಟೆ ಇದಕ್ಕಿಂತ ಸುಮಾರು 50 ಮೀಟರ್ ಎತ್ತರ. ಬಿಲ್ಲು ಬಾಣದ ಕಾಲದಲ್ಲಿ ಆ 50 ಮೀಟರ್ ಲೆಕ್ಕಕ್ಕಿರಲಿಲ್ಲ. ಫಿರಂಗಿ ಗುಂಡು ದೂರ ಹಾರುವ ಕಾಲಕ್ಕೆ ಅದೇ ಮುಳುವಾಯಿತು. 1818ರಲ್ಲಿ ಬ್ರಿಟಿಷರು ಮೊದಲು ವಿಸಾಪುರ ಹಿಡಿದರು. ಅದು ಹೋದ ಮೇಲೆ ಲೋಹಗಡ ನಿಲ್ಲಲಿಲ್ಲ. ವಿಸಾಪುರದ ಬಾಗಿಲುಗಳನ್ನು ಒಡೆದು ಹಾಕಿದರು. ಲೋಹಗಡದ ನಾಲ್ಕೂ ಬಾಗಿಲು ಈಗಲೂ ನಿಂತಿವೆ.

ಮಧ್ಯಾಹ್ನ ವಿಂಚುಕಾಟಾಕ್ಕೆ ಹೋದೆವು. ಹಾಗಂದರೆ ಚೇಳಿನ ಕೊಂಡಿ. ಕೋಟೆಯಿಂದ ಹೊರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಚಾಚಿರುವ ಸಪೂರ ಏಣು. ಎರಡೂ ಪಕ್ಕ ಪ್ರಪಾತ. ತುದಿಯಲ್ಲಿ ಕಾವಲು ಗೋಡೆ. ಅಲ್ಲಿಂದ ಪವನಾ ಅಣೆಕಟ್ಟಿನ ನೀರು ಇಡೀ ಕಣಿವೆ ತುಂಬಿ ಹೊಳೆಯುತ್ತಿತ್ತು. ನಮ್ಮ ಚಿಂಚವಾಡದ ಮನೆಯ ನಲ್ಲಿಗೆ ಬರುವುದು ಅದೇ ನೀರು. ಬೆಳಿಗ್ಗೆ ಬಾಟಲಿಗೆ ತುಂಬಿಸಿಕೊಂಡದ್ದೂ ಅದನ್ನೇ ಅಂದಾಗ ಅವಳು ನಂಬಲಿಲ್ಲ.

ಇಳಿಯುವಾಗ ಭಾಜೆ ಗುಹೆಗಳಲ್ಲಿ ಸ್ವಲ್ಪ ಹೊತ್ತು ನಿಂತೆವು. ಕ್ರಿಸ್ತಪೂರ್ವ ಎರಡನೇ ಶತಮಾನದಿಂದ ಬೌದ್ಧ ಭಿಕ್ಷುಗಳು ಇದ್ದ ಜಾಗ. ಅವರೂ ಇದೇ ಕಲ್ಲಿನಲ್ಲಿ ನೀರಿನ ತೊಟ್ಟಿ ಕಡಿಸಿದ್ದರು, ಕೋಟೆಗಿಂತ ಎಷ್ಟೋ ಮೊದಲೇ. ಒಂದು ತೊಟ್ಟಿಯ ಹತ್ತಿರ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹವಿದೆ. ಮಹಾರಠಿ ಕೋಸಿಕೀಪುತ ವಿಣ್ಹುದತ ಎಂಬಾತ ಕೊಟ್ಟ ಪೋಢಿ, ಅಂತ. ಪೋಢಿ ಅಂದರೆ ನೀರಿನ ತೊಟ್ಟಿ.

ಅವಳು ಬಗ್ಗಿ ತೊಟ್ಟಿಯೊಳಗೆ ನೋಡಿದಳು. "ಮಾಮಾ, ಇನ್ನೂ ನೀರಿದೆ" ಅಂದಳು. ಪಾಚಿಯ ನಡುವೆ ಒಂದಿಷ್ಟು ಆಕಾಶ ಕಾಣುತ್ತಿತ್ತು. ಐದೂ ಚಿಲ್ಲರೆಯ ಲೋಕಲ್ ಹಿಡಿಯಲು ನಾವು ಬೇಗ ಬೇಗ ಇಳಿದೆವು.