ಹಳೇ ಲೋಹದ ಟೇಬಲ್ ಲ್ಯಾಂಪ್ ರಿಪೇರಿ: ಅರ್ತ್ ವೈರಿನ ಸುತ್ತ ಒಂದಷ್ಟು ಟಿಪ್ಪಣಿ

ತಗಡಿನ ಬುಡ, ಬಗ್ಗುವ ಕುತ್ತಿಗೆ, ಗಂಟೆಯ ಆಕಾರದ ಶೇಡ್. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನ ಗುಜರಿ ರಾಶಿಯಲ್ಲೋ ಮನೆಯ ಅಟ್ಟದಲ್ಲೋ ಸಿಗುತ್ತದಲ್ಲ, ಅಂಥ ಓದುವ ದೀಪದ ಬಗ್ಗೆ ಈ ಟಿಪ್ಪಣಿ. ಬಿಚ್ಚುವುದು, ಉಜ್ಜುವುದು, ಬಣ್ಣ ಹೊಡೆಯುವುದು ಕೈಗೆ ಬೇಗ ಕೂರುತ್ತದೆ. ತಲೆಗೆ ಹತ್ತಲು ಸತಾಯಿಸಿದ್ದು ಅರ್ತ್, ಅಂದರೆ ದೀಪದ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ವೈರ್. ಅದಕ್ಕೇ ಇಲ್ಲಿ ಅದರದ್ದೇ ಕಾರುಬಾರು ಜಾಸ್ತಿ.

ಬಿಚ್ಚುವುದು, ವೈರ್ ಎಳೆಯುವುದು

ಪ್ಲಗ್ ಕಿತ್ತ ಮೇಲೇ ಸ್ಕ್ರೂಡ್ರೈವರ್ ಹಿಡಿಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಬುಡದ ಕೆಳಗೆ ಅಂಟಿಸಿದ ಬಟ್ಟೆಯೋ ರಟ್ಟೋ ಇದ್ದರೆ ನಿಧಾನವಾಗಿ ಎಬ್ಬಿಸಿ, ನಟ್ಟು ಅದರ ಹಿಂದೆ ಇರುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆಯನ್ನೋ ಡಬ್ಲ್ಯೂಡಿ-40ಯನ್ನೋ ಬಿಟ್ಟು ಒಂದು ರಾತ್ರಿ ಹಾಗೇ ಇಡಿ.

ಹಳೇ ವೈರನ್ನು ಮಾತ್ರ ಎಳೆದು ಬಿಸಾಡಬೇಡಿ. ನನಗೆ ಅತಿ ಇಷ್ಟವಾದ ಉಪಾಯ ಇದರಲ್ಲೇ ಇದೆ. ಬಗ್ಗುವ ಕುತ್ತಿಗೆಯೊಳಗೆ ಹೊಸ ವೈರನ್ನು ತಳ್ಳಲು ಹೋದರೆ ಅದು ಸುರುಳಿಗೆ ಸಿಕ್ಕಿ ನಿಂತುಬಿಡುತ್ತದೆ. ಬದಲಿಗೆ ಹೊಸ ಕೇಬಲ್ಲಿನ ಮೂರು ಎಳೆಗಳಲ್ಲಿ ಎರಡನ್ನು ಒಂದಕ್ಕಿಂತ ಒಂದು ಗಿಡ್ಡವಾಗುವಂತೆ ಕತ್ತರಿಸಿ, ಉದ್ದ ಉಳಿದ ಒಂದನ್ನು ಹಳೇ ವೈರಿನ ತಾಮ್ರಕ್ಕೆ ಹೆಣೆಯಿರಿ. ಮೇಲೆ ಟೇಪನ್ನು ಬಿಗಿಯಾಗಿ, ತೆಳ್ಳಗೆ ಸುತ್ತಿ. ಗಂಟು ದಪ್ಪ ಆಗಬಾರದು, ಮೂತಿ ಚೂಪಾಗಿರಬೇಕು. ಸ್ವಲ್ಪ ಪೌಡರ್ ಸವರಿ, ಕುತ್ತಿಗೆಯನ್ನು ನೆಟ್ಟಗೆ ಮಾಡಿ, ಆ ಕಡೆಯಿಂದ ಹಳೇ ವೈರ್ ಎಳೆದರೆ ಹೊಸದು ಅದರ ಬೆನ್ನು ಹಿಡಿದು ಬರುತ್ತದೆ. ಹೊರಗೆ ಬಂದ ಮೇಲೆ ಮೂರೂ ತುದಿಗಳನ್ನು ಸಮ ಮಾಡಿಕೊಳ್ಳಿ.

ಕೇಬಲ್ 0.5 ಚದರ ಮಿ.ಮೀ. ತಾಮ್ರದ್ದಾದರೆ ಸಾಕು. 60 ವ್ಯಾಟಿನ ಹಳೇ ಬಲ್ಬ್ ಕೂಡ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 0.26 ಆಂಪ್ ಅಷ್ಟೇ. ಆದರೆ ಮೂರೆಳೆಯದ್ದೇ ಆಗಬೇಕು. ಎಸ್‌ಪಿ ರಸ್ತೆಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿದರೆ "ಟೇಬಲ್ ಲ್ಯಾಂಪಿಗೆ ಟೂ ಕೋರ್ ಸಾಕು ಸಾರ್" ಅನ್ನಬಹುದು. "ಪರವಾಗಿಲ್ಲ ಅಣ್ಣ, ತ್ರೀ ಕೋರೇ ಕೊಡಿ" ಅನ್ನಿ.

ಅರ್ತ್ ಯಾಕೆ? ಎಂಸಿಬಿ ಇದೆಯಲ್ಲ?

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗೇ ಬಿದ್ದು ಲೈನ್ ಕಟ್ ಮಾಡುವ ಸ್ವಿಚ್. ಸಿಕ್ಕಿಕೊಳ್ಳುವುದು ಈ ಪ್ರಶ್ನೆಯಲ್ಲೇ. ಓದಿ ಬಿಡಿಸಿಕೊಳ್ಳಲು ಆಗಲಿಲ್ಲ, ಲೆಕ್ಕ ಹಾಕಿದ ಮೇಲೆ ಬಿಟ್ಟುಕೊಂಡಿತು.

ಹಳೇ ದೀಪದಲ್ಲಿ ಸಾಮಾನ್ಯವಾಗಿ ಎರಡೇ ಎಳೆ, ಟೂ ಪಿನ್ ಪ್ಲಗ್. ಶೇಡಿನ ಬಿಸಿಗೆ ವೈರಿನ ಹೊದಿಕೆ ಒಣಗಿ, ಬಿರುಕು ಬಿಟ್ಟು, ಫೇಸ್ ವೈರ್ (ಕರೆಂಟ್ ತರುವ ಎಳೆ) ಲೋಹದ ಮೈಗೆ ತಾಗಿದೆ ಅಂದುಕೊಳ್ಳಿ. ಏನಾಗುತ್ತದೆ? ಏನೂ ಆಗುವುದಿಲ್ಲ! ದೀಪ ಎಂದಿನಂತೆ ಉರಿಯುತ್ತದೆ. ಕರೆಂಟಿಗೆ ಮೈಯಿಂದ ನೆಲಕ್ಕೆ ಹೋಗಲು ದಾರಿಯೇ ಇಲ್ಲ. ನೀವು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಆ ದಾರಿ ನೀವೇ ಆಗುತ್ತೀರಿ.

ಈಗ ಲೆಕ್ಕ. ಮನುಷ್ಯನ ದೇಹದ ರೆಸಿಸ್ಟೆನ್ಸ್ 2,000 ಓಮ್ ಅಂತ ಇಟ್ಟುಕೊಳ್ಳಿ. ಒದ್ದೆ ಕೈಯಾದರೆ ಇನ್ನೂ ಕಮ್ಮಿ. 230 ಭಾಗಿಸು 2,000 ಅಂದರೆ 0.115 ಆಂಪ್, ಅಂದರೆ 115 ಮಿಲಿಆಂಪ್. 6 ಆಂಪಿನ ಎಂಸಿಬಿ ಇದನ್ನು ನೋಡಿ ಯಾಕೆ ಬೀಳಬೇಕು? ಅದರ ಮಟ್ಟಿಗೆ ಇದು ಇನ್ನೊಂದು ಚಿಕ್ಕ ಬಲ್ಬ್. ಎದೆಗೆ ಮಾತ್ರ ಇದು ಪ್ರಾಣಾಪಾಯದ ಅಳತೆ. ಮನೆಗೆ ಹಾಕುವ ಆರ್‌ಸಿಸಿಬಿಯನ್ನು (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) 30 ಮಿಲಿಆಂಪಿಗೆ ಬೀಳುವಂತೆ ಮಾಡಿರುವುದೂ ಅದಕ್ಕೇ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಸುಡದ ಹಾಗೆ ಕಾಯಲು. ನಮ್ಮನ್ನು ಕಾಯುವುದು ಅದರ ಕೆಲಸವೇ ಅಲ್ಲ.

ಅದೇ ದೀಪದ ಮೈಗೆ ಅರ್ತ್ ಕಟ್ಟಿ. ಫೇಸ್ ತಾಗಿದ ಕ್ಷಣವೇ ಕರೆಂಟಿಗೆ ಸುಲಭದ ದಾರಿ ಸಿಕ್ಕಿತು. ಆ ದಾರಿ ಒಟ್ಟು 2 ಓಮ್ ಇದ್ದರೆ 115 ಆಂಪ್ ನುಗ್ಗುತ್ತದೆ. ಮೇಲಿನದಕ್ಕಿಂತ ಸರಿಯಾಗಿ ಸಾವಿರ ಪಟ್ಟು. ಎಂಸಿಬಿ ಟಪ್ ಅಂತ ಬೀಳುತ್ತದೆ, ನೀವು ಮುಟ್ಟುವ ಮೊದಲೇ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ, ಇನ್ನೊಂದು ಕೊಕ್ಕೆ ಇದೆ. ಮನೆಯ ಅರ್ತ್ ಗುಂಡಿ ಒಣಗಿ ಆ ದಾರಿ 50 ಓಮ್ ಆಗಿದ್ದರೆ? 4.6 ಆಂಪ್. ಎಂಸಿಬಿ ಬೀಳುವುದಿಲ್ಲ, ದೀಪದ ಮೈ ಮೇಲೆ ಹೆಚ್ಚೂಕಡಿಮೆ ಪೂರ್ತಿ ವೋಲ್ಟೇಜ್ ನಿಂತೇ ಇರುತ್ತದೆ. ಇಲ್ಲಿ ಕೈ ಹಿಡಿಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದದ್ದೂ ನ್ಯೂಟ್ರಲಿನಲ್ಲಿ ವಾಪಸ್ ಬಂದದ್ದೂ ತಾಳೆ ಆಗುತ್ತದಾ ಅಂತ ಅದು ಅಂಗಡಿಯ ಲೆಕ್ಕದವರ ಹಾಗೆ ನೋಡುತ್ತಲೇ ಇರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಲೈನ್ ಕಟ್.

ಹಾಗಾದರೆ ಆರ್‌ಸಿಸಿಬಿ ಒಂದೇ ಸಾಕಲ್ವಾ? ಸಾಲದು. ಅರ್ತ್ ಇಲ್ಲದಿದ್ದರೆ ಅದು ಬೀಳುವುದು ನಿಮ್ಮ ಮೈಯಲ್ಲಿ ಕರೆಂಟ್ ಹರಿದ ಮೇಲೆ. ಅರ್ತ್ ಇದ್ದರೆ ತಪ್ಪು ಆದ ಕೂಡಲೇ. ಎರಡೂ ಬೇಕು.

ಅರ್ತ್ ಕಟ್ಟುವ ಜಾಗ

ಬುಡದ ಒಳಮೈಯಲ್ಲಿ ಒಂದು ಬೋಲ್ಟಿನ ಸುತ್ತ ಬಣ್ಣವನ್ನು ಲೋಹ ಹೊಳೆಯುವ ತನಕ ಕೆರೆಯಿರಿ. ಬಣ್ಣದ ಮೇಲೆ ಕಟ್ಟಿದ ಅರ್ತ್ ಕಟ್ಟದೇ ಇದ್ದ ಹಾಗೆಯೇ. ಹಸಿರು-ಹಳದಿಯ ಅರ್ತ್ ವೈರಿಗೆ ರಿಂಗ್ ಲಗ್ಗು (ಬೋಲ್ಟಿಗೆ ತೂರಿಸುವ ಲೋಹದ ಬಳೆ) ಒತ್ತಿ, ಹಲ್ಲಿರುವ ವಾಷರ್ ಹಾಕಿ, ನಟ್ಟು ಬಿಗಿ ಮಾಡಿ. ಆಮೇಲೆ ಬಣ್ಣ ಹೊಡೆಯುವಾಗ ಈ ಜಾಗಕ್ಕೆ ಟೇಪ್ ಅಂಟಿಸಿ.

ಪ್ಲಗ್ ಹೊರಗೇ ಇರಲಿ, ದೀಪದ ಸ್ವಿಚ್ ಆನ್ ಇರಲಿ, ಬಲ್ಬ್ ತೆಗೆದಿರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ದೊಡ್ಡ ಪಿನ್ನಿಗೆ (ಅದೇ ಅರ್ತ್), ಇನ್ನೊಂದು ದೀಪದ ಮೈಗೆ: 1 ಓಮಿಗಿಂತ ಕಮ್ಮಿ ತೋರಿಸಬೇಕು. ಬುಡಕ್ಕೆ ಮಾತ್ರ ನೋಡಿ ಬಿಡಬೇಡಿ, ಶೇಡಿಗೂ ಇಡಿ. ಕೀಲುಗಳ ನಡುವೆ ಬಣ್ಣವೋ ತುಕ್ಕೋ ಕೂತು ಶೇಡಿನ ಸಂಪರ್ಕ ತಪ್ಪಿರಬಹುದು. ಆಮೇಲೆ ಫೇಸ್ ಪಿನ್ ಮತ್ತು ಮೈ, ನ್ಯೂಟ್ರಲ್ ಪಿನ್ ಮತ್ತು ಮೈ: ಮೀಟರ್ ದಾರಿಯೇ ಇಲ್ಲ ಅಂತ ತೋರಿಸಬೇಕು, ಸೊನ್ನೆ ಓಮ್ ಅಲ್ಲ.

ಟೆಸ್ಟರ್ ನಂಬಿ ತೀರ್ಮಾನ ಮಾಡಬೇಡಿ. ಅರ್ತ್ ಇಲ್ಲದ ಲೋಹದ ಮೈಗೆ ಟೆಸ್ಟರ್ ಇಟ್ಟರೆ ಫೇಸ್ ತಾಗದಿದ್ದರೂ ಸಣ್ಣಗೆ ಹೊಳೆಯಬಹುದು. ಒಳಗಿನ ವೈರಿನ ಪಕ್ಕದಲ್ಲೇ ಮೈ ಇರುವುದರಿಂದ ಒಂದಿಷ್ಟು ವೋಲ್ಟೇಜ್ ಸುಮ್ನೆ ತೂರಿಕೊಂಡು ಬರುತ್ತದೆ.

ಎಡವೋ ಬಲವೋ

ಗೋಡೆಯ ಸಾಕೆಟ್ಟನ್ನು ಎದುರಿಂದ ನೋಡಿ, ದೊಡ್ಡ ತೂತು ಮೇಲೆ. ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಪ್ಲಗ್ ಕೈಯಲ್ಲಿ ಹಿಡಿದು ಪಿನ್ನುಗಳನ್ನು ನಿಮ್ಮ ಕಡೆ ತಿರುಗಿಸಿದರೆ ಇದು ಅದಲುಬದಲು. ಮುಚ್ಚಳ ಬಿಚ್ಚಿ ಬೆನ್ನಿನ ಕಡೆಯಿಂದ ನೋಡಿದರೆ ಮತ್ತೆ ಸಾಕೆಟ್ಟಿನ ಹಾಗೆಯೇ, ಫೇಸ್ ಬಲಕ್ಕೆ. ವೈರ್ ಕಟ್ಟುವಾಗ ನಾವು ನೋಡುವುದು ಈ ಬೆನ್ನನ್ನೇ. ಹಾಗಾಗಿ ಪಿನ್ ಕಡೆಯಿಂದ ಯೋಚಿಸುವುದನ್ನೇ ಬಿಟ್ಟುಬಿಡಿ.

ಈಗಿನ ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಹಳೆಯದರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಪ್ಲಗ್ಗಿನೊಳಗೆ ಅರ್ತ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರಾದರೂ ಕೇಬಲ್ ಜಗ್ಗಿದರೆ ಅದು ಕೊನೆಗೆ ಕೀಳಬೇಕು.

ಹಳೇ ವಠಾರದ ಮನೆಗಳಲ್ಲಿ ಸಾಕೆಟ್ಟಿಗೆ ದೊಡ್ಡ ತೂತು ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ. ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ತ್ ಕೂಡ ಸುಮಾರು ಅಷ್ಟೇ, ನ್ಯೂಟ್ರಲ್-ಅರ್ತ್ ಕೆಲವೇ ವೋಲ್ಟ್ ಬರಬೇಕು. ಫೇಸ್-ಅರ್ತ್ 90, 110 ಅಂತ ತೂಗಾಡಿದರೆ ಅರ್ತ್ ಇಲ್ಲ ಅಂತ ಲೆಕ್ಕ. ಎಲೆಕ್ಟ್ರಿಷಿಯನ್ ಕರೆಸಿ, ದೀಪ ಆಮೇಲೆ.

ಹೋಲ್ಡರ್, ಸ್ವಿಚ್

ಪಿನ್ ಹೋಲ್ಡರಿನಲ್ಲಿ ಎರಡೂ ಸ್ಪ್ರಿಂಗ್ ಕಡ್ಡಿಗಳೇ, ತಲೆಬಿಸಿ ಇಲ್ಲ. ತಿರುಗಿಸುವ ಬಲ್ಬಿನ ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ನಡುವಿನ ಬಿಂದುವಿಗೆ, ನ್ಯೂಟ್ರಲ್ ಸುತ್ತಲಿನ ಮರೆಗೆ, ಅಂದರೆ ಬಲ್ಬ್ ತಿರುಗಿ ಕೂರುವ ಲೋಹದ ತಿರುಪಿಗೆ. ಟೂ ಪಿನ್ ಪ್ಲಗ್ ಉಲ್ಟಾ ಹಾಕಿದರೆ ಇದು ತಿರುಗಿ, ಬೆರಳು ತಾಗುವ ಮರೆಗೇ ಫೇಸ್ ಬರುತ್ತದೆ. ಮೂರು ಪಿನ್ನಿಗೆ ಇದು ಇನ್ನೊಂದು ಕಾರಣ.

ಸ್ವಿಚ್ ಫೇಸ್ ವೈರಿನಲ್ಲೇ ಇರಬೇಕು. ನ್ಯೂಟ್ರಲಿನಲ್ಲಿ ಕೂತರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಆಫ್ ಮಾಡಿದರೆ ಸಾಲದು ಅಂದಿದ್ದು ಇದಕ್ಕೇ. ಆಫ್ ಆದ ಮೇಲೂ ಎಲ್‌ಇಡಿ ಬಲ್ಬ್ ಮಿಣಮಿಣ ಅನ್ನುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಬುಡದಲ್ಲಿ ಕೇಬಲ್ ತೂರುವ ತೂತಿಗೆ ರಬ್ಬರ್ ಬುಷ್ ಹಾಕಿ. ತಗಡಿನ ಅಂಚು ಹೊದಿಕೆಯನ್ನು ಕೊಯ್ಯುತ್ತದೆ.

ಮೈಗೆ ಹೊಳಪು

ಮೊದಲು ಅಯಸ್ಕಾಂತ ಇಟ್ಟು ನೋಡಿ. ಅಂಟಿದರೆ ಕಬ್ಬಿಣ, ಮೇಲಿನ ಹಿತ್ತಾಳೆ ಬರೀ ಲೇಪ; ಹುಣಸೆಹಣ್ಣು ಹಾಕಿ ತಿಕ್ಕಿದರೆ ಅದೂ ಎದ್ದು ಹೋಗುತ್ತದೆ. ಅಂಟದೆ ಗಟ್ಟಿ ಹಿತ್ತಾಳೆಯೇ ಆದರೆ ಹುಣಸೆಹಣ್ಣು ಧಾರಾಳವಾಗಿ ಆಗುತ್ತದೆ. ತಕ್ಷಣ ತೊಳೆದು ಒರೆಸಿ. ವೈರ್ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ತಗಡಿಗೆ ಉಪ್ಪುಕಾಗದ, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಮೊದಲ ಬಣ್ಣ), ಆಮೇಲೆ ಸ್ಪ್ರೇ ಬಣ್ಣ, ತೆಳ್ಳಗೆ ಎರಡು ಮೂರು ಸಲ. ಹಳೇ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಡಿ, ನೀರು ಹಾಕಿಕೊಂಡು ಉಜ್ಜಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಅದಕ್ಕೂ ಮುಂಚಿನ ದೀಪದ ಬಣ್ಣದ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಬಲ್ಬ್ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಶೇಡ್ ಅಷ್ಟಾಗಿ ಕಾಯುವುದಿಲ್ಲ, ಹೊಸ ವೈರೂ ಬೇಗ ಒಣಗುವುದಿಲ್ಲ.