ಸಿಂಹದ ಮರಿಗಳಿಗೆ ಕಡಿಮೆಯಾಗಿದ್ದೇನು?

1880ರ ದಶಕದಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳು ಕಾಲು ಸೊಟ್ಟಗಾಗಿ, ಮೂಳೆ ಮೆತ್ತಗಾಗಿ ಸಾಯುತ್ತಿದ್ದವು. ಹೊಟ್ಟೆಗೇನೂ ಕೊರತೆ ಇರಲಿಲ್ಲ. ಆದರೆ ಸಿಗುತ್ತಿದ್ದದ್ದು ಬರೀ ಮಾಂಸ. ಜಾನ್ ಬ್ಲಾಂಡ್-ಸಟನ್ ಎಂಬ ಶಸ್ತ್ರವೈದ್ಯರು ಅದರ ಜೊತೆಗೆ ಮೂಳೆಪುಡಿ, ಹಾಲು, ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಡಿಸಿದರು. ಮರಿಗಳು ಚೇತರಿಸಿಕೊಂಡವು. ಎಣ್ಣೆಯಲ್ಲಿ ವಿಟಮಿನ್ ಡಿ ಇತ್ತು, ಮೂಳೆ-ಹಾಲಿನಲ್ಲಿ ಕ್ಯಾಲ್ಸಿಯಂ.

ಕೊಬ್ಬು ಇಳಿಸಿ ಮೈಕಟ್ಟು ಬೆಳೆಸಲು ಜಿಮ್‌ಗೆ ಹೋಗುವ ಹುಡುಗರ ಡಬ್ಬಿ ನೋಡಿದಾಗ ನನಗೆ ಈ ಮರಿಗಳು ನೆನಪಾಗುತ್ತವೆ. ಬೇಯಿಸಿದ ಚಿಕನ್, ಬಿಳಿ ಅನ್ನ, ಅಷ್ಟೇ. 100 ಗ್ರಾಂ ಕೋಳಿ ಮಾಂಸದಲ್ಲಿ ಸುಮಾರು 200 ಮಿಲಿಗ್ರಾಂ ರಂಜಕ (ಫಾಸ್ಫರಸ್) ಇರುತ್ತದೆ. ಕ್ಯಾಲ್ಸಿಯಂ 15ರ ಆಸುಪಾಸು. ಪಾಲಿಶ್ ಅಕ್ಕಿಯಲ್ಲೂ ಅದು ಇಲ್ಲವೆಂದೇ ಹೇಳಬೇಕು.

ರಂಜಕ ಕೆಟ್ಟದ್ದಲ್ಲ. ಡಂಬೆಲ್ ಎತ್ತುವಾಗ ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಲ್ಲಿ ಇರುವುದು ಅದೇ. ತೊಂದರೆ ಕ್ಯಾಲ್ಸಿಯಂ ಕಡಿಮೆಯಾದಾಗ. ಹೃದಯ ಬಡಿಯಲು, ಸ್ನಾಯು ಕುಗ್ಗಲು ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದು. ಇಳಿಯಿತೆಂದರೆ ಕುತ್ತಿಗೆಯಲ್ಲಿರುವ, ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿಗಳು ಒಂದು ಹಾರ್ಮೋನು ಬಿಡುತ್ತವೆ. ಅದು ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ತರುತ್ತದೆ. ರಂಜಕ ಜಾಸ್ತಿಯಾದರೂ ಇದೇ ಹಾರ್ಮೋನು ಏರುತ್ತದೆ. ತೂಕದ ಯಂತ್ರದಲ್ಲಿ ಇದೊಂದೂ ಕಾಣಿಸದು. ತೋಳು ದಪ್ಪಗಾಗುತ್ತಿರುತ್ತದೆ, ಮೂಳೆ ಸುಮ್ನೆ ಸವೆಯುತ್ತಿರುತ್ತದೆ.

ಕ್ಯಾಲ್ಸಿಯಂ ತಿಂದರೆ ಕೊಬ್ಬು ಕರಗುತ್ತದೆ ಅನ್ನುವವರೂ ಇದ್ದಾರೆ. ಪ್ರಯೋಗಗಳಲ್ಲಿ ಆ ಮಾತು ಗಟ್ಟಿಯಾಗಿ ನಿಂತಿಲ್ಲ. ಅದನ್ನು ನಂಬಿ ಮಾತ್ರೆ ನುಂಗಬೇಡಿ.

ಹಾಗಂತ ಚಿಕನ್ ಬಿಡಬೇಕಿಲ್ಲ. ಜೊತೆಗೆ ರಾಗಿ ಮುದ್ದೆ ಇರಲಿ, ಮೊಸರು ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕ. ಕೋಲಾ, ಸಾಸೇಜ್ ಮಾತ್ರ ಕಡಿಮೆ ಮಾಡಿ. ಅವುಗಳಿಗೆ ಬೆರೆಸುವ ಫಾಸ್ಫೇಟ್, ಅಂದರೆ ರಂಜಕದ ಸಂಯುಕ್ತ, ಬಹುಪಾಲು ನೇರ ರಕ್ತಕ್ಕಿಳಿಯುತ್ತದೆ. ಕಿಡ್ನಿ ತೊಂದರೆ ಇರುವವರ ಲೆಕ್ಕವೇ ಬೇರೆ, ಅವರು ವೈದ್ಯರನ್ನು ಕೇಳಲೇಬೇಕು.

ರಾಗಿಯಂಥ ಕಾಳುಗಳಲ್ಲಿ ರಂಜಕ ಹೆಚ್ಚಾಗಿ ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿ ಅಡಗಿರುತ್ತದೆ. ಅದು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಾಳು ಮೊಳೆತಾಗ ಅದರಲ್ಲೇ ಹುಟ್ಟುವ ಕಿಣ್ವ ಈ ಬಿಗಿ ಸಡಿಲಿಸುತ್ತದೆ. ನಮ್ಮ ಅಜ್ಜಿಯರು ರಾತ್ರಿ ರಾಗಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು, ನೆನಪಿದೆ ಅಲ್ವಾ? ಒಂದೆರಡು ದಿನಕ್ಕೆ ಬಟ್ಟೆಯ ನೇಯ್ಗೆಯಿಂದ ಬಿಳಿ ಮೊಳಕೆ ಇಣುಕುತ್ತಿತ್ತು.