ರಾಡಿ ಜಾಲಿಸುವ ವಿದ್ಯೆ

ಹೋದ ಮಳೆಗಾಲದಲ್ಲಿ ಪುಣೆಯ ಕೋಥರೂಡದ ನಮ್ಮ ಮನೆಯ ಬಚ್ಚಲು ಕಟ್ಟಿಕೊಂಡಿತು. ಪ್ಲಂಬರ್ ಬಂದು ಟ್ರ್ಯಾಪಿನೊಳಗೆ ಕೈಹಾಕಿ ಬೂದು ಬಣ್ಣದ ಮುದ್ದೆಯೊಂದನ್ನು ಹೊರತೆಗೆದ. ಗಾತ್ರದಲ್ಲಿ ಇಡ್ಲಿ, ಗಟ್ಟಿತನದಲ್ಲಿ ಇಟ್ಟಂಗಿ. "ಮನ್ಯಾಗ ಸಿಮೆಂಟ್ ಕಲಸಿದ್ರೇನ್ರಿ ಸಾಹೇಬ್ರ?" ಅಂದ. ಅವನೂ ನಮ್ಮ ಕಡೆಯವನೇ, ಇಂಡಿ ತಾಲೂಕಿನವನು. ಸಿಮೆಂಟ್ ಅಲ್ಲಪ್ಪ, ಕಲ್ಲಿನ ಹಿಟ್ಟು ಅಂದೆ. ಅವನಿಗೆ ಆ ಉತ್ತರದಿಂದ ಸಮಾಧಾನ ಆಗಲಿಲ್ಲ. ನನ್ನ ಹೆಂಡತಿಗಂತೂ ಇವತ್ತಿಗೂ ಆಗಿಲ್ಲ.

ತಪ್ಪು ನನ್ನದೇ. ನಮ್ಮ ಬಾಲ್ಕನಿಯಲ್ಲಿ ಸಣ್ಣದೊಂದು ರಬ್ಬರ್ ಪೀಪಾಯಿ ಹಗಲಿರುಳು ಉರುಳುತ್ತಿರುತ್ತದೆ. ಒಳಗೆ ಭೀಮಾ ನದಿಯ ಪಾತ್ರದಲ್ಲಿ ಆರಿಸಿ ತಂದ ಅಗೇಟ್ ಮತ್ತು ಜಾಸ್ಪರ್ ಕಲ್ಲುಗಳು, ನೀರು, ನಾಲ್ಕು ಚಮಚ ಗ್ರಿಟ್, ಅಂದರೆ ಕಲ್ಲು ಸವೆಸುವ ಗಡಸು ಪುಡಿ. ವಾರಕ್ಕೊಮ್ಮೆ ಕಲ್ಲು ತೊಳೆದು ಇನ್ನೂ ಸಣ್ಣ ಗ್ರಿಟ್ ಹಾಕಬೇಕು, ನಾಲ್ಕನೇ ವಾರ ಪಾಲಿಶ್ ಪುಡಿ. ಟಂಬ್ಲಿಂಗ್ ಅಂದರೆ ಇಷ್ಟೇ. ಮನೆಗೆ ಬಂದವರೆಲ್ಲ ಹೊಳೆಯುವ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡುತ್ತಾರೆ. ಪೀಪಾಯಿಯ ತಳದಲ್ಲಿ ಉಳಿಯುವ ರಾಡಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಈಗ ಕಲ್ಲಿಗಿಂತ ಆ ರಾಡಿಯ ಮೇಲೆಯೇ ಜೀವ.

ಈ ಹವ್ಯಾಸ ಇಟ್ಟುಕೊಂಡವರಲ್ಲಿ ಒಂದು ನಂಬಿಕೆಯಿದೆ: ಒಂದು ವಾರ ತಿರುಗಿದ ಗ್ರಿಟ್ ಸತ್ತಂತೆ, ಮೊಂಡಾಗಿಬಿಟ್ಟಿರುತ್ತದೆ, ಚೆಲ್ಲಬೇಕು. ಚಾಕು ಮೊಂಡಾಗುವುದನ್ನು ನೋಡಿದವರು ಗ್ರಿಟ್ಟಿಗೂ ಅದೇ ಗತಿ ಎಂದು ತಿಳಿದಿದ್ದಾರೆ. ಗ್ರಿಟ್ ಅಂದರೆ ಸಿಲಿಕಾನ್ ಕಾರ್ಬೈಡ್. 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅಗೇಟಿನ ಗಡಸುತನ 7ರ ಹತ್ತಿರ, ಇದರದು 9ಕ್ಕೂ ಮೇಲೆ. ಆದರೆ ಗಡಸಾಗಿದ್ದಷ್ಟೇ ಇದು ಪೆಡಸು. ಕಲ್ಲುಸಕ್ಕರೆಯನ್ನು ಒರಳಲ್ಲಿ ಕುಟ್ಟಿ ನೋಡಿ. ಎಷ್ಟು ಕುಟ್ಟಿದರೂ ತುಣುಕುಗಳು ಗುಂಡಗಾಗುವುದಿಲ್ಲ, ಒಡೆದ ಪ್ರತಿ ಚೂರಿಗೂ ಹೊಸ ಮೂಲೆ, ಹೊಸ ಅಂಚು. ಗ್ರಿಟ್ಟೂ ಹಾಗೇ ಒಡೆಯುತ್ತದೆ. ವಾರ ಕಳೆದ ಮೇಲೆ ಅದು ಸಣ್ಣದಾಗಿರುತ್ತದೆ, ಹರಿತ ಮಾತ್ರ ಹಾಗೇ ಇರುತ್ತದೆ. ಅಂದರೆ ಮುಂದಿನ ಹಂತಕ್ಕೆಂದು ನಾವು ದುಡ್ಡು ಕೊಟ್ಟು ತರುವ ಸಣ್ಣ ಗ್ರಿಟ್ಟಿನ ಒಂದು ಪಾಲು ಈ ರಾಡಿಯಲ್ಲೇ ತಯಾರಾಗಿ ಕೂತಿರುತ್ತದೆ!

ಇಲ್ಲಿ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡುವ ಹಟಕ್ಕೆ ಬಿದ್ದು, ಜೇಡಿಮಣ್ಣು ಮತ್ತು ಕೋಕ್ (ಸುಟ್ಟ ಕಲ್ಲಿದ್ದಲು) ಪುಡಿ ಬೆರೆಸಿ ವಿದ್ಯುತ್ ಹರಿಸಿ ಕಾಯಿಸಿದ. ವಜ್ರ ಸಿಗಲಿಲ್ಲ. ನೀಲಿಗಪ್ಪು ಹರಳುಗಳು ಸಿಕ್ಕವು, ಗಾಜನ್ನು ಬೆಣ್ಣೆಯಂತೆ ಗೀರುವಂಥವು. ಇಂಗಾಲವೂ ಜೇಡಿಮಣ್ಣಿನ ಕೊರಂಡಮ್ ಎಂಬ ಗಡಸು ಖನಿಜವೂ ಕೂಡಿ ಆಗಿದ್ದಿರಬೇಕು ಎಂದುಕೊಂಡು ಕಾರ್ಬೊರಂಡಮ್ ಎಂದು ಹೆಸರಿಟ್ಟ. ನಿಜಕ್ಕೂ ಅದರಲ್ಲಿ ಇದ್ದದ್ದು ಇಂಗಾಲ ಮತ್ತು ಸಿಲಿಕಾನ್, ಅಂದರೆ ನಮ್ಮ ಗ್ರಿಟ್ಟೇ, ಕೊರಂಡಮ್ಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೊರಂಡಮ್ ಎಂಬ ಹೆಸರಾದರೂ ಎಲ್ಲಿಯದು? ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ. ಸಾಣೆ ಹಿಡಿಯುವವರು ಕುರುವಿಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು. ಒಬ್ಬ ಅಮೆರಿಕನ್ನನ ತಪ್ಪು ಊಹೆಯಿಂದ ನಮ್ಮ ದಕ್ಷಿಣದ ಶಬ್ದದ ಅರ್ಧ ಭಾಗ ಅಲ್ಲಿನ ಕಾರ್ಖಾನೆಯ ಡಬ್ಬಿ ಹತ್ತಿತು.

ಮತ್ತೆ ರಾಡಿಗೆ ಬರೋಣ. ಅದರ ಮೊದಲ ಉಪಯೋಗ ಹರಿತದಲ್ಲಿಲ್ಲ, ದಪ್ಪದಲ್ಲಿದೆ. ಮನೆಯಲ್ಲಿ ರುಬ್ಬುವ ಕಲ್ಲಿದ್ದವರಿಗೆ ಇದನ್ನು ವಿವರಿಸುವುದೇ ಬೇಡ. ಚಟ್ನಿಗೆ ಮೊದಲೇ ನೀರು ಸುರಿದರೆ ಕಾಯಿಚೂರು ಗುಂಡಿನಡಿ ಸಿಕ್ಕದೆ ಆಚೀಚೆ ಓಡಾಡುತ್ತದೆ, ಎಷ್ಟು ತಿರುವಿದರೂ ನುಣ್ಣಗಾಗುವುದಿಲ್ಲ. ಅದಕ್ಕೇ ಅವ್ವ ಚಿಮುಕಿಸಿ ಚಿಮುಕಿಸಿ ನೀರು ಹಾಕುತ್ತಿದ್ದಳು. ಪೀಪಾಯಿಯಲ್ಲೂ ಮೊದಲ ದಿನ ಇದೇ ಪಾಡು: ನೀರು ತೆಳ್ಳಗೆ, ಗ್ರಿಟ್ ಭಾರ. ನೀರಿನ ಸಾಂದ್ರತೆ 1 ಆದರೆ ಗ್ರಿಟ್ಟಿನದು 3.2. ಅದು ತಳಕ್ಕಿಳಿದು ಕೂರುತ್ತದೆ, ಮೇಲೆ ಕಲ್ಲಿಗೆ ಕಲ್ಲು ಬರಿದೇ ಬಡಿದು ಅಂಚು ಒಡೆದುಕೊಳ್ಳುತ್ತವೆ. ಎರಡು ಮೂರು ದಿನಕ್ಕೆ ಕಲ್ಲು ಸವೆದು ಹಿಟ್ಟಾಗಿ ನೀರು ಮಂದವಾದ ಮೇಲೆ ಗ್ರಿಟ್ ತೇಲಿಕೊಂಡು ಕಲ್ಲಿನ ಮೈಗೆ ಮೆತ್ತಿಕೊಳ್ಳುತ್ತದೆ, ಎರಡು ಕಲ್ಲುಗಳ ನಡುವೆ ಸಿಕ್ಕಿ ಕೊರೆಯುತ್ತದೆ. ಕೆಲಸ ಆಗ ಶುರು.

ಹಾಗಾಗಿ ನಾನು ಹಳೆಯ ರಾಡಿಯಲ್ಲಿ ಒಂದು ಲೋಟ ಎತ್ತಿಟ್ಟುಕೊಂಡು ಹೊಸ ಕಲ್ಲು, ಹೊಸ ಗ್ರಿಟ್ಟಿನ ಜೊತೆ ಹಾಕುತ್ತೇನೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿನಲ್ಲಿ ಜೀವವಿದೆ, ಇದರಲ್ಲಿಲ್ಲ. ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯಬೇಡಿ. ಹದ ಮಾತ್ರ ನೋಡಬೇಕು. ದೋಸೆ ಹಿಟ್ಟಿನಷ್ಟಿದ್ದರೆ ಸರಿ. ಇಡ್ಲಿ ಹಿಟ್ಟಿನಷ್ಟಾದರೆ ಕಲ್ಲುಗಳು ಉರುಳುವುದನ್ನು ಬಿಟ್ಟು ಮುದ್ದೆಯಲ್ಲಿ ಸಿಕ್ಕ ಕಾಳಿನಂತೆ ಒಟ್ಟಿಗೇ ಸುತ್ತುತ್ತವೆ, ಪೀಪಾಯಿಯ ಸದ್ದೇ ಅಡಗಿಬಿಡುತ್ತದೆ. ಎಷ್ಟೋ ರಾತ್ರಿ ಆ ಸದ್ದು ನಿಂತಿದ್ದಕ್ಕೇ ನನಗೆ ಎಚ್ಚರವಾಗಿದೆ.

ಎರಡನೇ ಉಪಯೋಗಕ್ಕೆ ಅಕ್ಕಿ ಜಾಲಿಸುವುದು ಗೊತ್ತಿರಬೇಕು. ಈಗ ಪಾಕೀಟಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ, ಹೀಗಾಗಿ ಆ ಶಬ್ದವೂ ಅಡುಗೆಮನೆಯಿಂದ ಹೊರಟುಹೋಗಿದೆ. ಅಜ್ಜಿ ಎರಡು ಪಾತ್ರೆ ಇಟ್ಟುಕೊಳ್ಳುತ್ತಿದ್ದಳು. ನೀರಲ್ಲಿ ಅಕ್ಕಿಯನ್ನು ಒಂದು ಸುತ್ತು ತಿರುಗಿಸಿ, ಅಕ್ಕಿ ಇನ್ನೂ ತೇಲುತ್ತಿರುವಾಗಲೇ ಆ ಪಾತ್ರೆಗೆ ಬಗ್ಗಿಸುವುದು. ಕಲ್ಲು ಈ ಪಾತ್ರೆಯ ತಳದಲ್ಲೇ ಉಳಿಯುವುದು. ಯಾವುದು ಬೇಗ ಮುಳುಗುತ್ತದೆ, ಯಾವುದು ತಡವಾಗಿ ಮುಳುಗುತ್ತದೆ ಎಂಬ ಒಂದೇ ವ್ಯತ್ಯಾಸದ ಮೇಲೆ ಇಡೀ ವಿದ್ಯೆ ನಿಂತಿತ್ತು. ಮುಂಬಯಿಯ ಝವೇರಿ ಬಜಾರಿನಲ್ಲಿ ಅಂಗಡಿಗಳ ಮುಂದಿನ ಕಸ ಗುಡಿಸಿ ತೊಳೆದು ಚಿನ್ನದ ಕಣ ತೆಗೆಯುವ ಧೂಲಧೋಯಾಗಳು ಬದುಕುವುದೂ ಇದೇ ವ್ಯತ್ಯಾಸದ ಮೇಲೆ.

ಲೆಕ್ಕ ಬರೆದುಕೊಟ್ಟವನು ಕೇಂಬ್ರಿಜ್ಜಿನ ಜಾರ್ಜ್ ಸ್ಟೋಕ್ಸ್, 1851ರಲ್ಲಿ. ನನ್ನ ಪಾಲಿಗೆ ಇದು ಭೌತಶಾಸ್ತ್ರದ ಅತಿ ಚೆಂದದ ಸೂತ್ರಗಳಲ್ಲೊಂದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮುಳುಗುತ್ತಿರುವ ಕಣವನ್ನು ಭಾರ ಕೆಳಗೆಳೆಯುತ್ತದೆ, ನೀರು ಮೈಹಿಡಿದು ತಡೆಯುತ್ತದೆ. ಕಣದ ದಪ್ಪ ಎರಡು ಪಟ್ಟಾದರೆ ಭಾರ ಎಂಟು ಪಟ್ಟಾಗುತ್ತದೆ. ಅದೇ ವೇಗದಲ್ಲಿ ನೀರಿನ ಹಿಡಿತ ಮಾತ್ರ ಎರಡೇ ಪಟ್ಟು. ತೇರು ಎಂಟು ಪಟ್ಟು ದೊಡ್ಡದಾಗಿ, ಇಳಿಜಾರಿನಲ್ಲಿ ಹಗ್ಗ ಹಿಡಿದು ತಡೆಯುವವರು ಎರಡು ಪಟ್ಟು ಮಾತ್ರ ಬಂದಂತೆ. ತೇರು ನಿಲ್ಲುವುದಿಲ್ಲ, ನಾಲ್ಕು ಪಟ್ಟು ಜೋರಾಗಿ ಇಳಿಯುತ್ತದೆ. ಸಣ್ಣ ಕಣದ್ದು ಇದಕ್ಕೆ ತಿರುವುಮುರುವು: ಭಾರ ಇಲ್ಲವೇ ಇಲ್ಲ ಅನ್ನುವಷ್ಟು, ಹಿಡಿಯುವ ಕೈ ಬೇಕಾದಷ್ಟು. ಒಕ್ಕಲು ಮಾಡುವ ಕಣದಲ್ಲಿ ರಾಶಿ ತೂರುವಾಗ ಕಾಳು ಕಾಲಬುಡದಲ್ಲೇ ಬಿದ್ದು ಹೊಟ್ಟು ಹತ್ತು ಮಾರು ಆಚೆ ಹೋಗುವುದೂ ಇದೇ ಪಂಚಾಯಿತಿ, ನೀರಿನ ಬದಲು ಗಾಳಿ ಅಷ್ಟೇ.

ಅಂಕಿಗಳಲ್ಲಿ ನೋಡಿದರೆ ಇನ್ನೂ ಮಜಾ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 100 ಮೈಕ್ರಾನಿನ ಗ್ರಿಟ್ ಕಣ, ಅಂದರೆ ಹೆಚ್ಚುಕಡಿಮೆ ಕೂದಲಿನ ದಪ್ಪದ್ದು, 10 ಸೆಂಟಿಮೀಟರ್ ನೀರನ್ನು ಸುಮಾರು 10 ಸೆಕೆಂಡಿನಲ್ಲಿ ಇಳಿಯುತ್ತದೆ. 10 ಮೈಕ್ರಾನಿನದಕ್ಕೆ ಸುಮಾರು 14 ನಿಮಿಷ ಬೇಕು. 1 ಮೈಕ್ರಾನಿನದು? ಸುಮಾರು 23 ಗಂಟೆ. ಗಾತ್ರದಲ್ಲಿ ನೂರು ಪಟ್ಟಿನ ಅಂತರ ಸಮಯದಲ್ಲಿ ಹತ್ತು ಸಾವಿರ ಪಟ್ಟು ಹಿಗ್ಗುತ್ತದೆ. ಇಷ್ಟು ಸೂಕ್ಷ್ಮವಾಗಿ ಸೋಸುವ ಜರಡಿ ಇಲ್ಲಿಯ ತುಳಶಿಬಾಗ್ ಪೇಟೆಯ ಯಾವ ಅಂಗಡಿಯಲ್ಲೂ ಸಿಗಲಾರದು. ಒಂದು ಬಕೀಟು ಮತ್ತು ಕೈಗಡಿಯಾರ ಇದ್ದರೆ ಸಾಕು. ಗಾಜಿನ ಮಸೂರ ತಿಕ್ಕುವವರು ಇದನ್ನು ಹಿಂದೆಯೇ ಕಂಡುಕೊಂಡಿದ್ದರು: ಎಮೆರಿ ಎಂಬ ಸಾಣೆ ಪುಡಿಯನ್ನು ನೀರಲ್ಲಿ ಕದಡಿ, ಎಷ್ಟು ನಿಮಿಷ ತೇಲಿತೋ ಆ ನಿಮಿಷದ ಹೆಸರಿನಿಂದಲೇ ಪುಡಿಯನ್ನು ಕರೆಯುತ್ತಿದ್ದರು. ಹತ್ತು ನಿಮಿಷದ ಎಮೆರಿ, ಅರವತ್ತು ನಿಮಿಷದ ಎಮೆರಿ ಎಂದು.

ನಾನು ಮಾಡುವುದೂ ಅದೇ. ಕಲ್ಲು ತೊಳೆದ ರಾಡಿಯನ್ನು ಬಕೀಟಿಗೆ ಸುರಿದು, ಧಾರಾಳವಾಗಿ ನೀರು ಬೆರೆಸಿ ಕದಡುತ್ತೇನೆ. ಧಾರಾಳ ಯಾಕೆಂದರೆ ಮಂದ ರಾಡಿಯಲ್ಲಿ ಕಣಗಳು ಒಂದನ್ನೊಂದು ತಡೆಯುತ್ತವೆ, ಸ್ಟೋಕ್ಸನ ಲೆಕ್ಕ ನಡೆಯುವುದಿಲ್ಲ. ಅರ್ಧ ನಿಮಿಷ ಬಿಟ್ಟು ಮೇಲಿನದನ್ನು ಎರಡನೇ ಬಕೀಟಿಗೆ ಬಗ್ಗಿಸುತ್ತೇನೆ. ತಳದಲ್ಲಿ ಉಳಿದದ್ದು ಇನ್ನೂ ಒಡೆಯದ ದಪ್ಪ ಗ್ರಿಟ್. ಬೆರಳಲ್ಲಿ ತಿಕ್ಕಿದರೆ ಸಕ್ಕರೆಯಂತೆ ಕರಕರ ಅನ್ನುತ್ತದೆ, ಬಿಸಿಲಿಗೆ ಹಿಡಿದರೆ ಕರಿ ಮರಳಿನಲ್ಲಿ ನೀಲಿ ಮಿಂಚು. ಅದು ಮೊದಲ ಹಂತಕ್ಕೇ ವಾಪಸ್. ಎರಡನೇ ಬಕೀಟು ಕಾಲು ಗಂಟೆ ನಿಲ್ಲಬೇಕು, ಆಮೇಲೆ ಮತ್ತೆ ಬಗ್ಗಿಸುವುದು. ಇಲ್ಲಿ ತಳದಲ್ಲಿರುವುದು ತಿಕ್ಕಿದರೆ ಸದ್ದು ಮಾಡದ, ರೇಶಿಮೆಯಂಥ ಕೆಸರು. ಮೂರನೇ ಬಕೀಟಿನಲ್ಲಿ ಉಳಿದದ್ದು ಬರೀ ಬೂದು ನೀರು.

ಇಷ್ಟು ಹೊಗಳಿದ ಮೇಲೆ ಇದರ ಹುಳುಕನ್ನೂ ಹೇಳಬೇಕು. ಹೀಗೆ ಸಿಕ್ಕಿದ್ದೆಲ್ಲ ಗ್ರಿಟ್ ಅಲ್ಲ. ಪೀಪಾಯಿಗೆ ಹಾಕಿದ ಗ್ರಿಟ್ ನಾಲ್ಕು ಚಮಚ. ಕಲ್ಲುಗಳನ್ನು ಹಾಕುವ ಮುಂಚೆ, ತೆಗೆದ ಮೇಲೆ ತೂಗಿ ನೋಡಿ, ಸವೆದು ಹಿಟ್ಟಾದ ಕಲ್ಲು ಅದನ್ನು ಮೀರಿಸುತ್ತದೆ. ಈ ಎರಡನ್ನೂ ಬೇರ್ಪಡಿಸುವುದು ನೀರಿನ ಕೈಲಾಗದ ಕೆಲಸ. 25 ಮೈಕ್ರಾನಿನ ಅಗೇಟ್ ಕಣವೂ ಸುಮಾರು 22 ಮೈಕ್ರಾನಿನ ಗ್ರಿಟ್ ಕಣವೂ ಕೈಕೈ ಹಿಡಿದು ಒಟ್ಟಿಗೇ ಇಳಿಯುತ್ತವೆ. ಆದ್ದರಿಂದ ಎರಡನೇ ಬಕೀಟಿನ ಕೆಸರು ಹೊಸ ಗ್ರಿಟ್ಟಿನಷ್ಟು ಚುರುಕಾಗಿ ಕೊರೆಯುವುದಿಲ್ಲ. ಅದನ್ನು ಹೊಸದರ ಜೊತೆ ಬೆರೆಸಿ ಬಳಸಬೇಕು, ಪೂರ್ತಿ ಅದನ್ನೇ ನೆಚ್ಚಿದರೆ ವಾರದ ಕೆಲಸಕ್ಕೆ ಮೂರು ವಾರ ಹಿಡಿದೀತು.

ಪಾಲಿಶ್ ಹಂತಕ್ಕಂತೂ ಹತ್ತಿರವೂ ಸುಳಿಯಗೊಡಬಾರದು. ಕಲ್ಲು ಹೊಳೆಯುವುದು ಅದರ ಮೈಮೇಲಿನ ಗೀರುಗಳು ಬೆಳಕಿನ ಅಲೆಗಿಂತ ಚಿಕ್ಕದಾದಾಗ. ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ಅಲ್ಲಿಗೆ 100 ಮೈಕ್ರಾನಿನ ಒಂದೇ ಒಂದು ಕಣ ಹೋದರೂ ಮದುವೆ ಊಟದ ಪಾಯಸದಲ್ಲಿ ಮರಳು ಬಿದ್ದಂತೆ. ಜಿಪುಣತನ ಮಾಡಿ ಜಾಲಿಸಿದ ಕೆಸರನ್ನು ನಾನೂ ಒಮ್ಮೆ ಮೂರನೇ ಹಂತಕ್ಕೆ ಹಾಕಿದೆ. ಪಾಲಿಶ್ ಮುಗಿದು ತೆಗೆದರೆ ಒಂದೊಂದು ಕಲ್ಲಿನ ಮೇಲೂ ಬೆಕ್ಕು ಪರಚಿದಂಥ ಗೀರು. ಕೆಸರನ್ನು ಬೈದುಕೊಂಡು, ಕೊನೆಗೆ ಭೂತಗನ್ನಡಿ ಹಿಡಿದು ಹುಡುಕಿದರೆ ಕಳ್ಳ ಸಿಕ್ಕಿದ್ದು ಒಂದು ಅಗೇಟಿನ ಹೊಟ್ಟೆಯ ಸಣ್ಣ ಪೊಟರೆಯಲ್ಲಿ. ಮೊದಲ ವಾರದ ಕರಿ ಗ್ರಿಟ್ ಅಲ್ಲಿ ಹಾಯಾಗಿ ಕೂತು ಮೂರು ತೊಳೆತ ದಾಟಿ ಬಂದಿತ್ತು. ಆಮೇಲಿಂದ ಪೊಟರೆಯಿರುವ ಕಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನ ಸೇವೆ ತಪ್ಪಿದ್ದಿಲ್ಲ.

ಕಲ್ಲಿನ ಹಿಟ್ಟಿನಿಂದಲೇ ಕಲ್ಲು ತಿಕ್ಕುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ಗುಜರಾತಿನ ಖಂಭಾತದಲ್ಲಿ ಅಕೀಕದ, ಅಂದರೆ ಅಗೇಟಿನ, ಮಣಿಗಳನ್ನು ಎಮೆರಿ ಮತ್ತು ಮಣಿ ಕೊರೆದಾಗ ಉದುರಿದ ನುಣ್ಣನೆಯ ಪುಡಿಯ ಜೊತೆ ಚರ್ಮದ ಚೀಲಕ್ಕೆ ತುಂಬಿ, ಒದ್ದೆ ಮಾಡಿ, ಇಬ್ಬರು ಎದುರುಬದುರು ಕೂತು ಹತ್ತು ಹದಿನೈದು ದಿನ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದರು. ಈಗ ಅಲ್ಲಿ ಮೋಟಾರಿನ ಪೀಪಾಯಿ ಬಂದಿದೆ. ಆದರೆ ಅದೇ ಖಂಭಾತ ಸಿಲಿಕೋಸಿಸ್ ರೋಗಕ್ಕೂ ಹೆಸರಾಗಿದೆ. ಅಗೇಟ್ ಅಂದರೆ ಸಿಲಿಕಾ. ಅದರ ಒಣ ಹಿಟ್ಟು ಉಸಿರಿನೊಡನೆ ಪುಪ್ಪುಸದ ಆಳಕ್ಕಿಳಿದರೆ ಅಲ್ಲೇ ಕೂತು ಗಾಯ ಮಾಡುತ್ತದೆ, ಆ ಗಾಯ ವಾಸಿಯಾಗುವುದಿಲ್ಲ. ಆದ್ದರಿಂದ ರಾಡಿಯನ್ನು ಒಣಗಿಸಿ ಜರಡಿ ಹಿಡಿಯುವ ಯೋಚನೆ ಯಾರಿಗಾದರೂ ಬಂದಿದ್ದರೆ ಈಗಲೇ ಬಿಡಿ. ಒದ್ದೆಯಾಗಿರುವಷ್ಟು ಹೊತ್ತು ಅದು ಪುಪ್ಪುಸಕ್ಕೆ ನಿರುಪದ್ರವಿ.

ಇದನ್ನು ಮೇಲಿನ ಮನೆಯ ಹುಡುಗಿಗೆ ಹೇಳುವಷ್ಟರಲ್ಲಿ ಸಾಕಾಯಿತು. "ಕಾಕಾ, ಈ ಕೆಸರು ಸ್ವಲ್ಪ ಕೊಡಿ, ಫೇಸ್‌ಪ್ಯಾಕ್ ಮಾಡ್ಕೋತೀನಿ, ಎನರ್ಜಿ ಕಲ್ಲಿಂದು ಅಲ್ವಾ" ಎಂದು ಬಟ್ಟಲು ಹಿಡಿದುಕೊಂಡೇ ಬಂದಿದ್ದಳು. ಇಂಥದೇ ಕಲ್ಲುಗಳಿಗೆ ಪೇಟೆಯಲ್ಲಿ ಒಂದೊಂದು ಚಕ್ರದ ಹೆಸರು ಕಟ್ಟಿ ಮಾರುತ್ತಾರೆ, ಅದರ ಫಲ ಇದು. ಆರೂವರೆ ಕೋಟಿ ವರ್ಷದ ಹಿಂದೆ ದಖನ್ನಿನ ಲಾವಾದಲ್ಲಿ ಉಳಿದ ಗಾಳಿಗುಳ್ಳೆಗಳಲ್ಲಿ ನಿಧಾನವಾಗಿ ಕಟ್ಟಿಕೊಂಡ ಸಿಲಿಕಾ ಅದು. ಆ ಕಥೆಗಿಂತ ದೊಡ್ಡ ಪವಾಡ ಬೇಕೇ ಎಂದು ಕೇಳಿದೆ. ಜೊತೆಗೆ, ಗಾಜು ಗೀರುವ ಪುಡಿ ಇದರಲ್ಲಿದೆ, ಕೆನ್ನೆಗೆ ಬೇಡಮ್ಮ ಅಂದೆ. ಎರಡನೇ ಮಾತು ನಾಟಿತು.

ಮೂರನೇ ಬಕೀಟಿನ ಬೂದು ನೀರನ್ನು ಏನು ಮಾಡುವುದು? ಅದರಲ್ಲಿರುವ 0.3 ಮೈಕ್ರಾನಿನ ಕಲ್ಲಿನ ಕಣ ಲೆಕ್ಕದ ಪ್ರಕಾರ 10 ಸೆಂಟಿಮೀಟರ್ ಇಳಿಯಲು ಎರಡು ವಾರ ತೆಗೆದುಕೊಳ್ಳುತ್ತದೆ. ಆತುರವಿದ್ದರೆ ಪಟಿಕ ಆಡಿಸಬಹುದು, ಇಲ್ಲಿಯ ಮರಾಠಿಯಲ್ಲಿ ತುರ್ಟಿ. ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿ ಬೇಗ ಕೂರುತ್ತವೆ. ಆದರೆ ಮೊದಲ ಎರಡು ಬಕೀಟಿಗೆ ಪಟಿಕ ಮುಟ್ಟಿಸಬೇಡಿ, ದೊಡ್ಡದು ಚಿಕ್ಕದು ಎಲ್ಲ ಅಂಟಿಕೊಂಡು ಒಟ್ಟಿಗೇ ಕೂತರೆ ಜಾಲಿಸುವುದೇನು ಬಂತು? ತಿಳಿನೀರನ್ನು ಚೆಲ್ಲಿ, ತಳದ ಗಸಿಯನ್ನು ಒದ್ದೆಯಿರುವಾಗಲೇ ಹಾಲಿನ ಪ್ಯಾಕೀಟಿಗೆ ತುಂಬಿ ಬಾಯಿ ಕಟ್ಟಿ ಒಣಕಸಕ್ಕೆ ಹಾಕುತ್ತೇನೆ. ಬಚ್ಚಲಿಗೆ ಒಂದು ಹನಿಯೂ ಇಲ್ಲ.

ನಾನು ಪಟಿಕ ಹಾಕುವುದೂ ಕಡಿಮೆ. ಹೋದ ಭಾನುವಾರದ ಬಕೀಟು ಬಾಲ್ಕನಿಯ ಮೂಲೆಯಲ್ಲಿ, ಮುಚ್ಚಳದ ಮೇಲೆ ತಾರೀಖು ಬರೆಸಿಕೊಂಡು ಕೂತಿದೆ. ಹೆಂಡತಿ ಬಟ್ಟೆ ಒಣಹಾಕಲು ಬಂದಾಗಲೆಲ್ಲ ಅದನ್ನು ಕಾಲಿನಿಂದ ಸ್ವಲ್ಪ ಆಚೆ ಸರಿಸುತ್ತಾಳೆ. ಪ್ರತಿ ಸಲ ಅದು ಮತ್ತೆ ಕದಡುತ್ತದೆ, ನಾನು ಹಳೆಯ ತಾರೀಖು ಹೊಡೆದು ಹೊಸದು ಬರೆಯುತ್ತೇನೆ.